ಕೊನೆ ಕಾಣದ ನೀರು

ಸತ್ತವನನ್ನು ಬದುಕಿದ್ದಾನೆ ಎಂದು ತೀರ್ಮಾನಿಸಿ, ಅವನ ಹೆಂಡತಿಯನ್ನು ಅವನಿಗೇ ಕಟ್ಟಿಹಾಕಿದರು.

ಇಸ್ತ್ರಿಯವನು ದಿನದ ಮೊದಲ ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆಯನ್ನು ಇಟ್ಟ. ಹಬೆ ಎದ್ದು ಮುಖಕ್ಕೆ ಬಡಿಯಿತು. ಗಂಜಿಯ ವಾಸನೆ, ಅದರ ಹಿಂದೆಯೇ ಇನ್ಯಾರದೋ ಕುತ್ತಿಗೆಯ, ಎಷ್ಟು ಒಗೆದರೂ ಬಿಡದ ಬೆವರಿನ ವಾಸನೆ. ಒಳಕೋಣೆಯ ಬಾಗಿಲಲ್ಲಿ, ಬೆಳಕು ಬೀಳುವ ಕಡೆಗೆ ಸ್ಟೂಲು ಎಳೆದುಕೊಂಡು ಅವಳು ಕೂತಿದ್ದಳು. ಕಿತ್ತುಹೋದ ಗುಂಡಿಗಳನ್ನು ಹೊಲಿಯುವುದು ಅವಳ ಕೆಲಸ. ಹಾಗಾಗಿ ಲಾಂಡ್ರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಗುಂಡಿಯಮ್ಮ. ಅಮ್ಮ ಅನ್ನಿಸಿಕೊಳ್ಳುವ ವಯಸ್ಸೇನಲ್ಲ, ಮಾಲೀಕ ಮೊದಲ ದಿನ ತಮಾಷೆಗೆ ಕರೆದದ್ದು ಅಂಟಿಕೊಂಡಿತ್ತು. ನೂಲನ್ನು ಹಲ್ಲಿನಿಂದ ಕಡಿಯುವಾಗ ಅವಳ ತಲೆ ಒಂದಿಷ್ಟು ಅವನ ಕಡೆ ತಿರುಗುತ್ತಿತ್ತು, ಕಣ್ಣು ಮಾತ್ರ ತಿರುಗುತ್ತಿರಲಿಲ್ಲ. ಇಬ್ಬರ ನಡುವೆ ಬಟ್ಟೆಯ ಮಾತು ಬಿಟ್ಟು ಬೇರೆ ಮಾತಿಲ್ಲ. ಇದಕ್ಕೆ ಬಿಳಿ ಗುಂಡಿ ಹಾಕಿ. ಇದರ ತೋಳು ಆಗಲೇ ಸುಟ್ಟಿತ್ತು, ನಾನಲ್ಲ. ಅಷ್ಟೆ. ಅವಳ ಗಂಡ ಲಂಬುವೂ ಅವನೂ ಒಂದೇ ಬಾರ್ಜಿನ ಮೇಲೆ ನಿಂತು ಬಂದರಿನ ಬಾಯಿಯ ಹೂಳೆತ್ತುತ್ತಿದ್ದವರು. ಲಂಬು ಯಹೂದಿ, ಇವನು ಮುಸಲ್ಮಾನ. ಬಾರ್ಜಿನಲ್ಲಿ ಆ ವ್ಯತ್ಯಾಸಕ್ಕೆ ಇದ್ದ ಅರ್ಥ ಇಷ್ಟೇ: ಶುಕ್ರವಾರ ಮಧ್ಯಾಹ್ನ ಒಬ್ಬ ಬೇಗ ಇಳಿಯುತ್ತಿದ್ದ, ಶನಿವಾರ ಇನ್ನೊಬ್ಬ ಹತ್ತುತ್ತಲೇ ಇರಲಿಲ್ಲ, ಒಬ್ಬನ ಪಾಳಿಯನ್ನು ಮತ್ತೊಬ್ಬ ಎಳೆಯುತ್ತಿದ್ದ. ಇಬ್ಬರೂ ಹಂದಿ ಮುಟ್ಟದವರಾದ್ದರಿಂದ ಅಡುಗೆಯವನ ಬೈಗುಳ ಇಬ್ಬರಿಗೂ ಸಮಪಾಲು. ‘ನಿಮ್ಮಿಬ್ಬರ ದೇವರೂ ಸೇರಿಕೊಂಡು ನನ್ನ ಸೊಂಟ ಮುರೀತಾರಲ್ಲೋ’ ಎನ್ನುತ್ತಿದ್ದ ಅವನು, ಬೇರೆ ಪಾತ್ರೆ ತೊಳೆಯುತ್ತ. ಲಂಬು ಬಾಯಿ ತುಂಬ ಅನ್ನ ಇಟ್ಟುಕೊಂಡು ನಗುತ್ತಿದ್ದ. ಆ ಬಾಯಿಯನ್ನೇ ಕೊನೆಗೆ ನೋಡಿದ್ದು. ಬಾರ್ಜು ಒಂದು ಮಗ್ಗುಲಿಗೆ ವಾಲಿ, ಲಂಗರಿನ ಸರಪಳಿ ಹಾವಿನ ಹಾಗೆ ಜಾರಿ ಲಂಬುವಿನ ಮೊಣಕಾಲಿಗೆ ಸುತ್ತಿಕೊಂಡು, ಅವನು ಮೇಲೆ ನೋಡಿ, ಕತ್ತಿ, ಕತ್ತಿ ಎಂದ. ಸರಪಳಿಯನ್ನು ಯಾವ ಕತ್ತಿ ಕೊಯ್ಯುತ್ತದೆ? ಆದರೂ ಇವನು, ತರ್ತೀನಿ ಇರು, ಎಂದು ಕೂಗಿದ. ಕೂಗಿದ್ದು ಮುಗಿಯುವ ಮೊದಲೇ ಲಂಬುವಿನ ತಲೆಯ ಮೇಲೆ ನೀರು ಕೂಡಿಕೊಂಡಿತ್ತು.

ಕಾಲರು ಹಳದಿಯಾಗುವಷ್ಟರಲ್ಲಿ ಅವನು ಪೆಟ್ಟಿಗೆಯನ್ನು ಎತ್ತಿದ. ಬಾರ್ಜು ಮುಳುಗಿತು, ಲಂಬು ಹೋದದ್ದನ್ನು ಕಂಡವನು ಇವನೊಬ್ಬನೇ, ಹೆಣ ಸಿಗಲಿಲ್ಲ. ಹುಡುಕುವವರು ಹುಡುಕುವುದನ್ನು ನಿಲ್ಲಿಸಿದರು. ಅಲ್ಲಾಡುವ ಹಲಗೆಯ ಮೇಲೆ ಕಾಲಿಡುವುದು ಇನ್ನು ಆಗದು ಅನ್ನಿಸಿ ಅವನು ಲಾಂಡ್ರಿಗೆ ಬಂದು ಸೇರಿದ. ಸ್ವಲ್ಪ ಸಮಯದ ಮೇಲೆ ಒಂದು ಬೆಳಿಗ್ಗೆ ತಲೆಯೆತ್ತಿದರೆ ಸ್ಟೂಲಿನ ಮೇಲೆ ಅವಳಿದ್ದಳು. ಮಾಲೀಕ ಅವಳ ಜನದವನೇ, ಕೆಲಸ ಕೊಟ್ಟಿದ್ದ. ಗಂಡನಿಗೆ ಏನಾಯಿತು ಎಂದು ಇವನನ್ನು ಕೇಳುತ್ತಾಳೆ. ಈಗ ಕೇಳುತ್ತಾಳೆ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಕೇಳುತ್ತಾಳೆ. ಉತ್ತರವನ್ನು ಹೇಗೆಲ್ಲ ಜೋಡಿಸಿಟ್ಟುಕೊಂಡಿದ್ದ: ನೋವಾಗಲಿಲ್ಲ, ಬೇಗ ಮುಗಿಯಿತು, ನಿಮ್ಮ ಹೆಸರೇ ಕರೆದ. ಕೊನೆಯದು ಸುಳ್ಳು, ಆದರೆ ಬೇಕಾದೀತು ಎಂದು ಇಟ್ಟುಕೊಂಡಿದ್ದ. ಅವಳು ಕೇಳಲೇ ಇಲ್ಲ. ವಾರಗಳು ಕಳೆದು ತಿಂಗಳುಗಳಾದವು. ಕೇಳದಿರುವುದೇ ಒಂದು ಮಾತು ಎಂದು ಅವನಿಗೆ ಆಗ ಅರ್ಥವಾಯಿತು, ಅಥವಾ ಅರ್ಥವಾಯಿತು ಎಂದುಕೊಂಡ: ನೀನು ಬಂದೆ, ಅವನು ಬರಲಿಲ್ಲ. ತಾನಾಗಿ ಹೇಳುವುದಾದರೂ ಹೇಗೆ? ರೊಟ್ಟಿ ಮುರಿಯುತ್ತ ಕೂತ ಹೆಂಗಸಿನ ಮುಂದೆ, ನಿಮ್ಮವರನ್ನು ಸರಪಳಿ ಎಳೆದುಕೊಂಡು ಹೋಯಿತು ಅನ್ನುವುದು ಹೇಗೆ? ಬೇರೆಯವರ ಹತ್ತಿರವೂ ಆಡಲಿಲ್ಲ. ಚಹಾ ಅಂಗಡಿಯಲ್ಲಿ ಬಾರ್ಜಿನ ಸುದ್ದಿ ಎತ್ತಿದವರಿಗೆ, ಬಿಡಿ ಅದನ್ನ, ಎಂದು ಎದ್ದು ಬರುತ್ತಿದ್ದ. ಇನ್ನೊಬ್ಬರ ಸಾವನ್ನು ಹರಟೆ ಮಾಡಬಾರದು ಎನ್ನುವುದು ಅವನಿಗೆ ತಿಳಿದ ಮರ್ಯಾದೆ. ಆ ಮರ್ಯಾದೆಯೇ ಅವಳ ಕಾಲಿಗೆ ಸುತ್ತಿಕೊಂಡಿತು ಎಂದು ತಿಳಿದದ್ದು ಕಳೆದ ವಾರ, ಯಹೂದಿ ಹಿರಿಯರ ನ್ಯಾಯಸಭೆಯ ಮೆಟ್ಟಿಲ ಮೇಲೆ.

ಮಾಲೀಕನೇ ಹೇಳಿದ್ದ: ಲಂಬು ಸತ್ತದ್ದನ್ನು ಕಂಡವರಿಲ್ಲ, ಹಾಗಾಗಿ ಗುಂಡಿಯಮ್ಮ ವಿಧವೆಯಲ್ಲ ಎಂದು ಹಿರಿಯರು ತೀರ್ಪು ಕೊಟ್ಟರಂತೆ. ಅವಳ ಮರುಮದುವೆಗೆ ಕೇಳಿಬಂದಿದ್ದ ಒಳ್ಳೆಯ ಸಂಬಂಧವೂ ಇನ್ನು ಕೈಬಿಟ್ಟುಹೋದ ಹಾಗೆ. ಕಂಡವರಿಲ್ಲವೇ? ಇಸ್ತ್ರಿಯವನು ಮಾರನೆಯ ದಿನ ತನ್ನ ಮದುವೆಯ ಅಂಗಿಯನ್ನು ತಾನೇ ಇಸ್ತ್ರಿ ಮಾಡಿಕೊಂಡು, ಗಡ್ಡ ಒಪ್ಪ ಮಾಡಿಕೊಂಡು ಹೊರಟ. ಆ ಕೋಣೆಯಲ್ಲಿ ಹಳೆಯ ಚರ್ಮದ ಹೊದಿಕೆಯ ಪುಸ್ತಕಗಳು ಗೋಡೆಯನ್ನು ತುಂಬಿದ್ದವು. ಮೇಜಿನ ಹಿಂದೆ ಮೂವರು, ಮಧ್ಯದವರಿಗೆ ನೆಗಡಿ. ಏನು ಬಂದದ್ದು ಎಂದು ಅವರು ಮೂಗು ಒರೆಸಿಕೊಳ್ಳುತ್ತ ಕೇಳಿದರು. ಸಾಕ್ಷಿ ಹೇಳೋಕೆ ಬಂದಿದೀನಿ ಸ್ವಾಮಿ, ಎಂದ, ಎದೆ ತುಸು ಉಬ್ಬಿಸಿ. ಮೂವರೂ ಅವನನ್ನು ನೋಡದೆ ಒಬ್ಬರನ್ನೊಬ್ಬರು ನೋಡಿಕೊಂಡರು, ಮಕ್ಕಳ ಎದುರು ಯಾರೋ ಕೆಟ್ಟ ಮಾತು ಆಡಿದ ಹಾಗೆ. ನೀವು ನಮ್ಮವರಲ್ಲ, ಅಲ್ಲವೇ? ಅಲ್ಲ. ಹಾಗಾದರೆ ದಯವಿಟ್ಟು ಏನೂ ಹೇಳಬೇಡಿ. ಬಾಗಿಲು ತೋರಿಸಿದವರ ಕೈ ಮೃದುವಾಗಿತ್ತು, ಬಹಳ ಮೃದು. ಬೈದಿದ್ದರೆ ಬೈಸಿಕೊಂಡು ಬರಬಹುದಿತ್ತು. ಅಂಗಿಯ ಮಡಿಕೆ ಕೂಡ ಮುರಿಯದೆ ಅವನು ಹೊರಗೆ ಬಂದು ನಿಂತಿದ್ದ.

ಸಭೆಯ ಗುಮಾಸ್ತ ಹಿಂದೆಯೇ ಮೆಟ್ಟಿಲಿಳಿದು ಬಂದ. ತೆಳ್ಳಗಿನ, ಸದಾ ಕ್ಷಮೆ ಕೇಳುವಂಥ ಭುಜದ ಮನುಷ್ಯ.

“ಬೇಜಾರು ಮಾಡ್ಕೋಬೇಡಿ. ನೀವು ಬಂದಿದ್ದು ಒಳ್ಳೇದಕ್ಕೇ. ಬಂದಿದ್ದೇ ಎಡವಟ್ಟಾಯ್ತು.”

“ಸುಳ್ಳು ಹೇಳ್ತೀನಿ ಅಂತ ಅನುಮಾನವಾ ನಿಮ್ಮವರಿಗೆ?”

“ನಿಮ್ಮ ಮೇಲೆ ಯಾರಿಗೂ ಅನುಮಾನ ಇಲ್ಲ. ನಮ್ಮವರಲ್ಲದವರು ಸಾಕ್ಷಿ ಹೇಳಬೇಕು ಅಂತಲೇ ಬಂದ್ರೆ ನಡೆಯೋದಿಲ್ಲ. ಅದೇ ಮನುಷ್ಯ ಎಲ್ಲೋ ಕೂತು ಹರಟೆ ಹೊಡೀತಾ, ಯಾರೂ ಕೇಳದೆ, ಇದರಿಂದ ಯಾರಿಗೆ ಏನಾಗುತ್ತೆ ಅಂತ ಯೋಚನೆ ಇಲ್ಲದೆ, ‘ಇಂಥವನು ಸತ್ತ, ನಾನೇ ನೋಡ್ದೆ’ ಅಂದ್ರೆ ನಡೆಯುತ್ತೆ. ಅದನ್ನ ಕೇಳಿಸ್ಕೊಂಡ ನಮ್ಮವನೊಬ್ಬ ಬಂದು ಹೇಳಿದ್ರೆ ಸಾಕು. ಅವಳು ಬಿಡುಗಡೆ.”

“ಅಂದ್ರೆ ನಾನು ಬೇಕು ಅಂತ ಹೇಳಿದ್ರೆ ಸುಳ್ಳು. ಬಾಯಿ ತಪ್ಪಿ ಹೇಳಿದ್ರೆ ಸತ್ಯ.”

“ಸುಳ್ಳು ಅಂತಲ್ಲ. ಲೆಕ್ಕಕ್ಕೆ ಬರಲ್ಲ.”

ಗುಮಾಸ್ತ ಮೆಟ್ಟಿಲ ಮೇಲೆಯೇ ಕೂತುಬಿಟ್ಟಿದ್ದ. ಹೇಳುತ್ತ ಹೇಳುತ್ತ ಅವನ ದನಿಯಲ್ಲಿ ಒಂದು ಬಿಸಿ ಏರಿತ್ತು. ಕೆರೆಯಂಥ ನೀರಾದರೆ, ಸುತ್ತಲೂ ದಡ ಕಾಣುವ ನೀರಾದರೆ, ಮುಳುಗಿದವನು ಏಳಲಿಲ್ಲ ಎಂದರೆ ಸತ್ತ. ಸಮುದ್ರ ಕೊನೆ ಕಾಣದ ನೀರು; ಅಲ್ಲಿ ಮುಳುಗಿದವನು ಕಣ್ಣಿಗೆ ಕಾಣದ ಯಾವುದೋ ದಡದಲ್ಲಿ ಎದ್ದಿರಬಹುದು. ಅದಕ್ಕೇ ಈ ಪಾಡು. ಬೇರೆ ಯಾವ ವಿಷಯಕ್ಕಾದರೂ ನಮ್ಮವರೇ ಇಬ್ಬರು ಸಾಕ್ಷಿ ಬೇಕು. ಇಂಥ ಹೆಂಗಸಿಗಾಗಿ ಮಾತ್ರ ಒಬ್ಬ ಸಾಕು, ಹೆಂಗಸಾದರೂ ಸಾಕು, ಪರಕೀಯ ಹರಟೆಯಲ್ಲಿ ಆಡಿದ ಮಾತೂ ಸಾಕು ಅಂದರು ಹಿಂದಿನವರು. “ನಮ್ಮ ಗುರುಗಳೊಬ್ಬರಿದ್ರು, ವೈದ್ಯರು, ಎಂಟು ಶತಮಾನದ ಹಿಂದೆ. ಹೆಣ್ಣುಮಕ್ಕಳು ಕಟ್ಟುಬಿದ್ದು ಕೊಳೀಬಾರದು ಅಂತಲೇ ಇಷ್ಟು ಸಡಿಲ ಬಿಟ್ಟಿರೋದು, ಸಾಕ್ಷೀನ ಹಿಂಡಬೇಡಿ ಅಂತ ಬಿಡಿಸಿ ಹೇಳಿದಾರೆ. ಅವರು ತೆಗೆದ ಕಿಟಕಿಗೆ ಆಮೇಲಿನವರು ಸರಳು ಹೊಡೆದ್ರು. ನಿಮ್ಮ ಜನರ ಮಧ್ಯೇನೇ ಬದುಕಿದವರು ಅವರು, ನಿಮ್ಮ ತತ್ವಜ್ಞಾನಿಗಳನ್ನ ಓದಿದವರು. ನಿಮ್ಮ ಭಾಷೇಲೂ, ಅರಬ್ಬೀಲಿ, ಬರೆದಿದಾರೆ.”

“ನಮ್ಮ ಭಾಷೇಲಿ ನನಗೆ ಬರೋದು ಪ್ರಾರ್ಥನೆ ಒಂದೇ. ಬೈಯೋಕೂ ಬರಲ್ಲ.”

ಗುಮಾಸ್ತ ನಕ್ಕು, ತಕ್ಷಣ ನಕ್ಕದ್ದಕ್ಕೆ ನಾಚಿದವನಂತೆ ಮೇಲಿನ ಬಾಗಿಲ ಕಡೆ ನೋಡಿದ್ದ. ಆಮೇಲೆ ದನಿ ತಗ್ಗಿಸಿ, ನೀವು ಇನ್ನೂ ಏನೂ ಹೇಳಿಲ್ಲ, ನಾನೂ ಏನೂ ಕೇಳಿಲ್ಲ, ಎಂದ. ನಮ್ಮ ಜನದ ಅಜ್ಜ ಒಬ್ಬರಿದ್ದಾರೆ, ಇದೇನೂ ಗೊತ್ತಿಲ್ಲದವರು, ಹರಟೆಯವರು, ಮುಂದಿನ ವಾರ ಒಂದು ಕೋಟು ಇಸ್ತ್ರಿಗೆ ತರುತ್ತಾರೆ, ಎಂದ. ಇಳಿದು ಹೋಗುವಾಗ ಇವನು ತಟ್ಟನೆ ಏನೋ ಹೊಳೆದವನಂತೆ ಕೇಳಿದ್ದ: ಆಯಮ್ಮ ನನ್ನನ್ನ ಒಂದು ಮಾತೂ ಕೇಳಲಿಲ್ಲವಲ್ಲ? “ನಾನೇ ಹೇಳಿದ್ದೆ, ಕೇಳಬೇಡ ಅಂತ. ಹೆಂಡತಿ ಕೇಳಿ ನೀವು ಹೇಳಿದ್ರೆ ಅದು ಹರಟೆಯ ಮಾತಾಗಲ್ಲ, ಅಲ್ಲಿಗೆ ಕೆಟ್ಟಿತು. ಪಾಪ, ದಿನಾ ನಿಮ್ಮ ಎದುರೇ ಕೂತು ನಾಲಿಗೆ ಕಚ್ಕೊಂಡಿದಾಳೆ. ನಾವು ಅವಳ ಮನೇಲಿ ದುಃಖಕ್ಕೂ ಕೂರೋ ಹಾಗಿಲ್ಲ. ಕೂತ್ರೆ ಸತ್ತ ಅಂತ ಒಪ್ಪಿಕೊಂಡ ಹಾಗಾಗುತ್ತಲ್ಲ.”

ಎಂಟು ಶತಮಾನದ ಹಿಂದೆ ಸತ್ತವರು ಹೀಗೆ ಜೀವಂತವಾಗಿ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾರೆ. ಮೊನ್ನೆ ಮುಳುಗಿದವನಿಗೆ ಮಾತ್ರ ಸಾಯುವ ಅನುಮತಿ ಸಿಗುವುದಿಲ್ಲ. ಈ ಮಾತನ್ನು ಇಸ್ತ್ರಿಯವನು ಅಂದು ಸಂಜೆ ಮನೆಯಲ್ಲಿ, ಕೋಪದಲ್ಲಿ ಅಂದುಬಿಟ್ಟಿದ್ದ. ತಂಗಿ ಕೇಳಿಸಿಕೊಂಡು ತಟ್ಟೆ ತೆಗೆದಿದ್ದಳು. ವಾರ ಕಳೆದು, ಇವತ್ತು ಬೆಳಿಗ್ಗೆ ಚಹಾ ಕೊಡುವಾಗ ಅಂದಳು. ಅವಳ ಗಂಡ ದೂರದ ಊರಿಗೆ ದುಡಿಯಲು ಹೋದವನು, ಸುದ್ದಿಯಿಲ್ಲ, ಆರನೆಯ ವರ್ಷ. ಮಸೀದಿಯ ಹಿರಿಯರು ಮೊದಲೇ ಹೇಳಿದ್ದರು: ನಮ್ಮ ಇಮಾಮರ ಪ್ರಕಾರ ಕಾಣೆಯಾದವನು ಬದುಕಿದ್ದಾನೆಂದೇ ಲೆಕ್ಕ, ಅವನ ಓರಗೆಯವರೆಲ್ಲ ತೀರಿಹೋಗುವವರೆಗೆ. ಅದನ್ನು ತಂದು ತಂಗಿಗೆ ಒಪ್ಪಿಸಿದವನು ಇವನೇ, ಕಾಯಬೇಕಮ್ಮ, ಎಂದು.

“ಅಣ್ಣಾ, ನಾನು ಏನಂತ ಬೇಡ್ಕೋಬೇಕು ಹೇಳು. ಅವರ ಓರಗೆಯವರೆಲ್ಲ ಬೇಗ ಸಾಯಲಿ ಅಂತಲಾ? ಆ ಕೊಡೆ ರಿಪೇರಿಯವನೂ ಅವರ ಓರಗೆಯೇ. ಎದುರಿಗೆ ಸಿಕ್ಕಾಗಲೆಲ್ಲ ಕೆಮ್ಮು ಹೇಗಿದೆ ಅಂತ ವಿಚಾರಿಸ್ಲಾ?”

“ಬಿಡ್ತು ಅನ್ನು. ದೊಡ್ಡವರು ಯೋಚನೆ ಮಾಡದೆ ಹೇಳಿರಲ್ಲ.”

“ದೊಡ್ಡವರು ಹೇಳಿದ್ದು ಎರಡಿದೆ. ಇನ್ನೊಬ್ಬ ಇಮಾಮರು ನಾಲ್ಕು ವರ್ಷ ಸಾಕು ಅಂದಿದಾರೆ. ನಮ್ಮವರೇ ಎಷ್ಟೋ ಮೌಲ್ವಿಗಳು ಹೆಂಗಸರ ಕಷ್ಟ ನೋಡಿ ಅದನ್ನ ಒಪ್ಪಿದಾರಂತೆ. ನಿನಗೂ ಗೊತ್ತಿತ್ತು. ಎರಡರಲ್ಲಿ ಒಂದನ್ನೇ ತಂದು ನನ್ನ ಕೈಗಿಟ್ಟೆ.”

ಅವನು ಚಹಾ ಕುಡಿದ. ಬಾಯಿ ಸುಟ್ಟಿತು. ಗೊತ್ತಿತ್ತು. ನಾಲ್ಕು ವರ್ಷ ಸಾಕು ಎನ್ನುವ ಸೇತುವೆಯಾಚೆಯ ಮೌಲ್ವಿಯವರನ್ನು ಕೇಳಿದರೆ ನಮ್ಮ ಹಿರಿಯರಿಗೆ ಸಿಟ್ಟು ಬಂದೀತು, ನಮಾಜಿನ ಸಾಲಿನಲ್ಲಿ ಪಕ್ಕ ನಿಂತವರು ಮುಖ ತಿರುಗಿಸಿಯಾರು ಎಂದು ಅತ್ತ ಹೋಗಿರಲಿಲ್ಲ. ತಂಗಿ ಕೊನೆಗೆ, ದನಿ ಏರಿಸದೆ, “ಅವರ ಮೆಟ್ಟಿಲು ಹತ್ತೋಕೆ ಮದುವೆ ಅಂಗಿ ಹಾಕ್ಕೊಂಡು ಹೋದೆಯಲ್ಲ. ನಮ್ಮ ಮೆಟ್ಟಿಲಿಗೆ ನಿನಗೆ ಯಾವ ಅಂಗಿ ಬೇಕಿತ್ತು?” ಎಂದು ಕೇಳಿ ಒಳಗೆ ಹೋದಳು. ಬಾಗಿಲು ದಾಟುವಾಗ ಅವನಿಗೆ ಕೇಳಿಸುವ ಹಾಗೆ, ಬಿಡು, ನಾಳೆ ನಾನೇ ಹೋಗ್ತೀನಿ ಸೇತುವೆ ದಾಟಿ, ಎಂದಿದ್ದಳು. ಪೆಟ್ಟಿಗೆಯಿಂದ ಏಳುವ ಹಬೆಯಲ್ಲಿ ಈಗ ಆ ಮಾತೇ ಏಳುತ್ತಿತ್ತು. ಯಹೂದಿ ಹಿರಿಯರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಾಗಿತ್ತು. ಅಲ್ಲಿ ಅವನನ್ನು ಹೊರಗೆ ಕಳಿಸಿದ್ದರು. ತನ್ನವರ ಎದುರು ಅವನು ಒಳಗಿದ್ದ, ಬೆಚ್ಚಗಿದ್ದ, ಸಾಲಿನಲ್ಲಿದ್ದ. ಪುಸ್ತಕ ಬರೆದವರು ಸಾವಿರ ವರ್ಷ ಬದುಕುವುದು ತಮ್ಮ ಬಲದಿಂದಲ್ಲ, ತನ್ನಂಥವರು ಅವರ ಮಾತಿನ ಅರ್ಧವನ್ನು ಕಿಸೆಯಲ್ಲಿಟ್ಟುಕೊಂಡು ಇನ್ನರ್ಧವನ್ನು ಮನೆಗೆ ಹೊತ್ತು ತರುವುದರಿಂದ. ಈ ಯೋಚನೆ ಬಂದದ್ದೇ ಅವನು ಪೆಟ್ಟಿಗೆಯನ್ನು ಜೋರಾಗಿ ಒತ್ತಿದ. ಅಂಗಿಯ ಬೆನ್ನಿನ ಮೇಲೆ ಕಂದು ಗುರುತು ಮೂಡಿತು. ಗುಂಡಿಯಮ್ಮ ತಲೆಯೆತ್ತಿ ಆ ಗುರುತನ್ನು ನೋಡಿದಳು, ಅವನನ್ನಲ್ಲ.

ಗುಮಾಸ್ತ ಮಧ್ಯಾಹ್ನ ಬಂದ. ಮೊದಲು ಒಳಗೆ ಹೋಗಿ ಅವಳಿಗೆ ಏನೋ ಪಿಸುಗುಟ್ಟಿದ. ಅವಳು ಸ್ಟೂಲನ್ನು ಒಳಕ್ಕೆಳೆದುಕೊಂಡಳು, ಬಾಗಿಲು ಮುಚ್ಚಿತು. ಅವಳು ಇದ್ದರೆ ಅವಳಿಗೋಸ್ಕರ ಹೇಳಿದ ಹಾಗಾಗುತ್ತದೆ ಎಂದು ಮೊದಲೇ ತಿಳಿಸಿದ್ದ. ಹಿಂದೆಯೇ ಕೋಟಿನಜ್ಜ ಬಂದು, ಉಸ್ಸೆಂದು ಗಿರಾಕಿಗಳ ಬೆಂಚಿನ ಮೇಲೆ ಕೂತ. ಗುಮಾಸ್ತ ಕಿಟಕಿಯ ಬಳಿ ನಿಂತು ಬೀದಿಯನ್ನು ನೋಡತೊಡಗಿದ, ಬೀದಿಯಲ್ಲಿ ನೋಡುವಂಥದ್ದೇನೂ ಇಲ್ಲದಿದ್ದರೂ. ಒಂದು ವಾರದಿಂದ ಇಸ್ತ್ರಿಯವನು ಏನೂ ತಿಳಿಯದವನಂತೆ ಮಾತಾಡುವುದನ್ನು ಅಭ್ಯಾಸ ಮಾಡಿದ್ದ. ಗಡ್ಡ ಒಪ್ಪ ಮಾಡಿಕೊಳ್ಳುವ ಕನ್ನಡಿಯಲ್ಲಿ ತನಗೆ ತಾನೇ ಹೇಳಿ ನೋಡಿಕೊಂಡಿದ್ದ: ಅಯ್ಯೋ, ಆ ಲಂಬು ಅಂತ ಒಬ್ಬನಿದ್ದ. ಕನ್ನಡಿಯಲ್ಲಿದ್ದವನು ಕಳ್ಳನ ಹಾಗೆ ಕಂಡಿದ್ದ.

“ಸುಡಬೇಡಪ್ಪಾ. ಇದು ನನ್ನ ಮಾವನ ಕೋಟು. ಮಗಳನ್ನೂ ಕೊಟ್ಟ, ಕೋಟನ್ನೂ ಕೊಟ್ಟ. ಮಗಳು ಹೋದಳು, ಕೋಟು ಹೋಗವಲ್ಲದು.”

“ಒಳ್ಳೇ ಬಟ್ಟೆ ಅಜ್ಜಾ. ಈಗ ಸಮುದ್ರದ ಗಾಳಿ ಬೇರೆ ಜೋರು, ಬೇಕಾಗುತ್ತೆ.”

“ಗಾಳಿ ಸುದ್ದಿ ನನಗೆ ಹೇಳ್ತೀಯಾ? ಸಮುದ್ರಕ್ಕಿಂತ ಮೊದಲು ನನ್ನ ಮಂಡಿಗೆ ಗೊತ್ತಾಗುತ್ತೆ.”

“ನಾನೂ ಮೊದಲು ನೀರಿನ ಮೇಲೇ ಇದ್ದೆ, ಬಾರ್ಜಿನಲ್ಲಿ.”

“ನನ್ನ ಭಾವಮೈದ ಹಡಗಲ್ಲಿದ್ದ. ಅಡುಗೆಗೆ. ಅವನು ಹಾಕೋ ಉಪ್ಪಿಗೆ ಸಮುದ್ರವೇ ಸಪ್ಪೆ ಅನ್ನೋರು.”

ಗುಮಾಸ್ತ ಕೆಮ್ಮಿದ. ಇಸ್ತ್ರಿಯವನು ಕೋಟಿನ ತೋಳನ್ನು ಹರಡಿದ, ಒದ್ದೆ ಬಟ್ಟೆ ಹಾಸಿದ, ಒತ್ತಿದ. ಅಜ್ಜ ಭಾವಮೈದನಿಂದ ಅವನ ಹಲ್ಲಿಗೆ, ಹಲ್ಲಿನಿಂದ ಹಲ್ಲು ಕಿತ್ತವನಿಗೆ ಹೋದ. ಗುಮಾಸ್ತ ಮತ್ತೆ ಕೆಮ್ಮಿದ. ಗಂಟಲಿಗೆ ಏನಾದರೂ ತಗೊಳ್ಳಯ್ಯಾ, ಎಂದ ಅಜ್ಜ, ಅವನ ಕಡೆ ತಿರುಗದೆ. ಒಬ್ಬಳ ಉಳಿದ ಆಯಸ್ಸೆಲ್ಲ ಈ ಮುದುಕನ ಒಂದು ಉಸಿರಿನ ಬಿಡುವಿಗೆ ಕಾಯುತ್ತ ನಿಂತಿತ್ತು. ಬಿಡುವು ಬಂತು, ಅಜ್ಜ ಮೂಗಿಗೆ ನಶ್ಯ ಏರಿಸುವಾಗ. ಇವನು ಅವಸರದಲ್ಲಿ ನಡುವೆ ನುಗ್ಗಿದವನಂತೆ, “ಮುಳುಗಿತಲ್ಲ ಅಜ್ಜಾ, ಆ ಬಾರ್ಜು, ಅದರಲ್ಲೇ ನಾನಿದ್ದದ್ದು,” ಎಂದ. ಎಂದು ನಕ್ಕ. ಯೋಚನೆಯಿಲ್ಲದೆ ಆಡುವ ಮಾತಿಗೆ ಒಂದು ನಗು ಇರಬೇಕೆಂದು ಕನ್ನಡಿಯ ಮುಂದೆಯೇ ನಿರ್ಧಾರವಾಗಿತ್ತು. ಆ ನಗು ಕೋಣೆಯ ಗೋಡೆಗೆ ತಾಗಿ ಅವನಿಗೇ ಮರಳಿ ಕೇಳಿಸಿತು, ತೆಳ್ಳಗೆ, ತಗಡಿನ ಸದ್ದಿನ ಹಾಗೆ. ಅಜ್ಜ ನಶ್ಯದ ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ ಈಗ ಮೊದಲ ಸಲ ಅವನನ್ನು ನೇರವಾಗಿ ನೋಡುತ್ತಿದ್ದ. ಕಿಟಕಿಯಲ್ಲಿದ್ದವನ ಬೆನ್ನು ಬಿಗಿಯಿತು. ಇನ್ನೊಂದು ಮಾತು. ನನ್ನ ಪಕ್ಕದಲ್ಲೇ ಒಬ್ಬ ಲಂಬು ಅಂತ—

ಒಳಬಾಗಿಲು ತೆರೆಯಿತು. ಅವಳ ಕೈಯಲ್ಲಿ ಯಾರದೋ ಅಂಗಿ, ಅರ್ಧ ಹೊಲಿದ ಗುಂಡಿ, ಜೋತುಬಿದ್ದ ಸೂಜಿ.

“ಒಳಗೆ ಹೋಗಮ್ಮಾ,” ಎಂದ ಗುಮಾಸ್ತ. “ಏನೂ ಇಲ್ಲ ಇಲ್ಲಿ. ಹೋಗು.”

“ಇವರು ನಗ್ತಾ ಇದ್ರು.”

“ಸುಮ್ಮನೆ ಏನೋ ಮಾತಿಗೆ—”

“ಗೊತ್ತು. ಅವರು ಸತ್ತಿದ್ದನ್ನ ಇವರು ನಗ್ತಾ ಹೇಳಬೇಕು. ನಾನು ಬಾಗಿಲ ಹಿಂದೆ ನಿಂತು ಕದ್ದು ಕೇಳಿಸ್ಕೋಬೇಕು. ಆಗ ನಾನು ವಿಧವೆ.” ಅವಳ ದನಿಯಲ್ಲಿ ಅಳುವಿರಲಿಲ್ಲ, ಗುಂಡಿಯ ಬಣ್ಣ ಹೇಳುವಾಗಿನ ದನಿಯೇ ಇತ್ತು. “ದಿನಾ ಇವರ ಎದುರಿಗೆ ಕೂತ್ಕೊಂಡು, ಇವರ ಕಣ್ಣಲ್ಲಿ ಅವರಿದ್ದಾರೆ ಅಂತ ಗೊತ್ತಿದ್ದೂ, ತಲೆ ತಗ್ಗಿಸಿ ನೂಲು ಪೋಣಿಸಿದೀನಿ. ಇವರು ನನ್ನನ್ನ ಏನು ಅಂದ್ಕೊಂಡ್ರೋ ಏನೋ.”

ಅಜ್ಜ ಇಬ್ಬರನ್ನೂ ನೋಡಿದ. ಏನೋ ಅರ್ಥವಾಗಿ, ಕೈಯಲ್ಲಿದ್ದ ನಶ್ಯವನ್ನು ಒರೆಸಿಕೊಂಡ. ಗುಮಾಸ್ತ ಕಿಟಕಿ ಬಿಟ್ಟು ಬಂದು ಅವಳ ಮುಂದೆ ಕೈ ಮುಗಿಯುವವನಂತೆ ನಿಂತ.

“ಇಷ್ಟು ಕಾದಿದೀಯ ತಾಯಿ. ಇನ್ನೊಂದೇ ಮಾತು ಬಾಕಿ. ನೀನು ಬಾಯಿಬಿಟ್ಟು ಕೇಳಿದ್ಯೋ, ಇವರ ಬಾಯಿಂದ ಇನ್ನು ಏನೇ ಬಂದರೂ ನಮ್ಮ ಹಿರಿಯರಿಗೆ ಬೇಡ. ಆ ಸಂಬಂಧದವರೂ ಕಾಯಲ್ಲ. ಕೇಳಬೇಡ.”

“ಕೇಳ್ತೀನಿ,” ಎಂದಳು. ಗುಮಾಸ್ತನನ್ನು ಬಳಸಿ ಮುಂದೆ ಬಂದು, ಇಸ್ತ್ರಿಯ ಮೇಜಿನ ಈಚೆ ಬದಿಗೆ ನಿಂತಳು. ಅವಳ ಕಣ್ಣಿನ ಬಣ್ಣವನ್ನು ಅವನು ನೋಡಿದ್ದು ಅದೇ ಮೊದಲು. “ನೀವು ಅವರ ಜೊತೆ ಇದ್ರಲ್ಲ, ಇಸ್ತ್ರಿಯವರೇ. ಅವರಿಗೆ ಏನಾಯ್ತು?”

ಗುಮಾಸ್ತ ಇವನ ತೋಳು ಹಿಡಿದುಕೊಂಡ. ಆ ಹಿಡಿತದಲ್ಲಿ ಪ್ರೀತಿಯಿತ್ತು, ಅದೇ ಕಷ್ಟವಾಗಿತ್ತು. “ಉತ್ತರ ಕೊಡಬೇಡಿ,” ಎಂದ ಕಿವಿಯ ಬಳಿ, ಬೇಗ ಬೇಗ. “ಇನ್ನೂ ಏನೂ ಕೆಟ್ಟಿಲ್ಲ. ಅವಳು ಕೇಳಿದ್ದು ನಿಮಗೆ ಕೇಳಿಸಲಿಲ್ಲ ಅನ್ನಿ, ಹೊರಗೆ ಹೋಗಿ. ಬೇರೆ ದಿನ, ಬೇರೆ ಕಡೆ ಏನಾದರೂ ಮಾಡೋಣ. ಅವಳ ಒಳ್ಳೇದಕ್ಕೇ ಹೇಳ್ತಿರೋದು. ಸುಮ್ಮನಿರಿ.” ಸುಮ್ಮನಿರುವುದು ಅವನಿಗೆ ಹೊಸದಲ್ಲ. ಚಹಾ ಅಂಗಡಿಯಲ್ಲಿ ಸುಮ್ಮನಿದ್ದ, ಈ ಮೇಜಿನ ಹಿಂದೆ ಸುಮ್ಮನಿದ್ದ, ತಂಗಿಯ ಎದುರು ಚಹಾ ಕುಡಿಯುತ್ತ ಸುಮ್ಮನಿದ್ದ; ಪ್ರತಿ ಸಲವೂ ಅದು ಯಾರದೋ ಒಳ್ಳೆಯದಕ್ಕೇ ಆಗಿತ್ತು. ನೋವಾಗಲಿಲ್ಲ, ನಿಮ್ಮ ಹೆಸರೇ ಕರೆದ ಎಂದು ಜೋಡಿಸಿಟ್ಟ ಮಾತುಗಳು ಬಾಯಿಗೆ ಬಂದವು. ಅವುಗಳನ್ನು ನುಂಗಿಕೊಂಡ. ಅವನು ಕೋಟಿನ ಮೇಲಿಂದ ಪೆಟ್ಟಿಗೆಯನ್ನು ತೆಗೆದು ನಿಲ್ಲಿಸಿದ. ಗುಮಾಸ್ತನ ಬೆರಳುಗಳನ್ನು ಒಂದೊಂದಾಗಿ ತೋಳಿನಿಂದ ಬಿಡಿಸಿದ.

“ಇಲ್ಲ ಸ್ವಾಮಿ. ನನಗೆ ಕೇಳಿಸ್ತು,” ಎಂದ.

ಆಮೇಲೆ ಅವಳ ಕಡೆ ತಿರುಗಿ, “ಕೂತ್ಕೊಳ್ಳಿ ಅಮ್ಮಾ,” ಎಂದ. “ನಾನು ನೋಡ್ದೆ. ಕತ್ತಿ ಅಂತ ಕೂಗಿದ್ರು ಅವರು. ತರ್ತೀನಿ ಇರು ಅಂದೆ. ನನ್ನ ಹತ್ತಿರ ಕತ್ತಿ ಇರಲಿಲ್ಲ.”